ಗಡಿಯಾಚೆ ಒಂದು ತೊಟ್ಟೂ ಹಾಕಿಸಲಿಲ್ಲ

ಕಾರು ಕೊಂಡವನಿಗೆ ಕಾರಿನ ಚಿಂತೆ ಒಂದು ದಿನ, ಪೆಟ್ರೋಲಿನ ಚಿಂತೆ ಪ್ರತಿದಿನ. ಇದು ಗಾದೆಯಲ್ಲ, ನಾನೇ ಕಟ್ಟಿದ ಮಾತು. ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಯಾರೂ ಎಂದರೆ ನನ್ನ ಹೆಂಡತಿ ಮುನಿಲಕ್ಷ್ಮಿ. ನಾವಿರುವುದೇ ಇಬ್ಬರು.

ನಾನು ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಅವಳು ಪಕ್ಕದ ಹಳ್ಳಿಯ ಮಹಿಳಾ ಹಾಲಿನ ಡೇರಿಗೆ ಸೆಕ್ರೆಟರಿ. ಬೆಳಗ್ಗೆ ಸಂಜೆ ಎರಡು ಹೊತ್ತೂ ಶೇರ್ ಆಟೋದಲ್ಲಿ ನೇತಾಡಿಕೊಂಡು ಹೋಗಿ ಬರುತ್ತಾಳೆ. ಹೋದ ವರ್ಷ ಡ್ರೈವಿಂಗ್ ಸ್ಕೂಲಿಗೆ ಸೇರಿ ಮೊದಲ ಸಲಕ್ಕೇ ಲೈಸೆನ್ಸ್ ತಂದಳು. (ನಾನು ಮೂರನೇ ಸಲಕ್ಕೆ ತಂದವನು. ಅದು ಇಲ್ಲಿ ಅಪ್ರಸ್ತುತ.) ಅಂದಿನಿಂದ ಅವಳದು ಒಂದೇ ಬೇಡಿಕೆ, ಕಾರಿನ ಕೀ. ನನ್ನದೂ ಒಂದೇ ಉತ್ತರ: ಹೊಸಬರು ಓಡಿಸಿದರೆ ಕಾರು ಪೆಟ್ರೋಲ್ ಕುಡಿಯುತ್ತದೆ.

"ಲೀಟರ್ ಲೆಕ್ಕ ನನಗೆ ಹೇಳ್ಕೊಡಬೇಡಿ. ದಿನಾ ನಾನ್ನೂರು ಲೀಟರ್ ಹಾಲು ಅಳೆಯೋಳು ನಾನು" ಎನ್ನುತ್ತಾಳೆ.

ಹಾಲು ಅಳೆಯುವುದು ಬೇರೆ, ಪೆಟ್ರೋಲ್ ಉಳಿಸುವುದು ಬೇರೆ. ಎರಡನೆಯದು ಒಂದು ಮಹಾಶಾಸ್ತ್ರ. ಅದನ್ನು ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಕಣ್ಣು ಕೆಂಪಗೆ ಮಾಡಿಕೊಂಡು ಸಿದ್ಧಿಸಿಕೊಂಡಿದ್ದೇನೆ. ಮೊದಲನೆಯದಾಗಿ ಎಸಿ ಹಾಕುವಂತಿಲ್ಲ. ಕಿಟಕಿ ತೆರೆಯುವಂತೆಯೂ ಇಲ್ಲ, ಏಕೆಂದರೆ ಗಾಳಿ ಒಳಗೆ ನುಗ್ಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ಒಳಗೆ ಇಡ್ಲಿ ಹಿಟ್ಟು ಇಟ್ಟರೆ ಹೈಸ್ಕೂಲು ಮುಟ್ಟುವಷ್ಟರಲ್ಲಿ ಬೆಂದಿರುತ್ತದೆ. ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುವುದು. ಎಲ್ಲಕ್ಕಿಂತ ಮುಖ್ಯವಾದದ್ದು ತೂಕ. ಡಿಕ್ಕಿಯಲ್ಲಿದ್ದ ಜಾಕ್, ಮ್ಯಾಟು, ಛತ್ರಿ, ಹಳೆಯ ಚೀಲ, ಎಲ್ಲವನ್ನೂ ತೆಗೆದು ಅಟ್ಟಕ್ಕೆ ಹಾಕಿದೆ. ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಹಿತ್ತಾಳೆ ವಿನಾಯಕನಿಗೂ ಕೈ ಹಾಕಿದೆ.

"ಕುರುಡುಮಲೆ ಗಣೇಶನ ಪಕ್ಕದಲ್ಲಿ ಇದ್ಕೊಂಡು ವಿನಾಯಕನ್ನ ಇಳಿಸ್ತೀರಾ?" ಎಂದಳು. ಇಳಿಸಲಿಲ್ಲ.

ಏರಿನಲ್ಲಿ ಒಮ್ಮೆ ಹೆಂಡತಿಯನ್ನೇ ಇಳಿಸಿದ್ದೆ. ಒಂದೇ ಒಂದು ಸಲ. "ತೂಕ ಕಣೇ, ಮೇಲೆ ಹೋಗಿ ಕಾಯ್ತಿರ್ತೀನಿ, ನಿಧಾನಕ್ಕೆ ಬಾ" ಎಂದು ಮುಂದೆ ಹೋದೆ. ರೇಷ್ಮೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಅವಳನ್ನು ನಿಲ್ಲಿಸಿ, "ಯಾಕಮ್ಮಾ, ಮನೇಲಿ ಜಗಳಾನಾ?" ಎಂದು ಕೇಳಿ ನೀರು ಕೊಟ್ಟರಂತೆ. ಆ ವಾರವೆಲ್ಲ ನನ್ನ ತಟ್ಟೆಗೆ ಮುದ್ದೆ ಬಿತ್ತು, ಸಾರು ಬೀಳಲಿಲ್ಲ.

ಹೀಗಿರುವಾಗ ಪಲಮನೇರಿನಿಂದ ಅವಳ ಅಕ್ಕ ಭಾರತಮ್ಮನ ಫೋನ್ ಬಂತು. ಭಾನುವಾರ ಊಟಕ್ಕೆ ಬರಬೇಕು.

"ಟ್ಯಾಂಕಲ್ಲಿ ಎಷ್ಟಿದೆ ರೀ?" ಎಂದಳು ಮುನಿಲಕ್ಷ್ಮಿ.

"ಬೇಕಾದಷ್ಟಿದೆ."

"ಮುಳ್ಳು ಕೆಂಪಿನ ಹತ್ರ ಮಲಗಿದೆ."

"ಮುಳ್ಳು ಪುಕ್ಕಲು ಕಣೇ. ನನ್ನ ರೀತೀಲಿ ಓಡಿಸಿದ್ರೆ ಹೋಗಿ ಬರೋಕೆ ಧಾರಾಳ."

"ದಾರೀಲಿ ನಿಂತ್ರೆ? ಆಂಧ್ರದಲ್ಲಿ ಹಾಕಿಸ್ತೀರಾ?"

ಇಲ್ಲಿ ಒಂದು ಮಾತು ಹೇಳಬೇಕು. ನಂಗಲಿ ದಾಟಿ ಆಂಧ್ರಕ್ಕೆ ಹೋದರೆ ಪೆಟ್ರೋಲಿಗೆ ಲೀಟರಿಗೆ ಐದಾರು ರೂಪಾಯಿ ಜಾಸ್ತಿ. ಆ ಕಡೆಯವರು ಟ್ಯಾಂಕ್ ತುಂಬಿಸಲು ನಂಗಲಿಗೆ ಬರುತ್ತಾರೆ. ಭಾರತಮ್ಮನ ಗಂಡ, ಅಂದರೆ ನನ್ನ ಷಡ್ಡಕ ಚನ್ನರಾಯಪ್ಪ, ಮದುವೆ ತಪ್ಪಿಸಿಕೊಂಡರೂ ನಂಗಲಿಗೆ ಬರುವುದು ತಪ್ಪಿಸುವುದಿಲ್ಲ. ಅಂಥಾದ್ದರಲ್ಲಿ ಮುಳಬಾಗಿಲಿನವನೊಬ್ಬ ಅಲ್ಲಿಗೆ ಹೋಗಿ ಪೆಟ್ರೋಲ್ ಹಾಕಿಸುವುದೆಂದರೆ, ಹೊಲದಲ್ಲಿ ಟೊಮೇಟೊ ಇಟ್ಟುಕೊಂಡು ಅಂಗಡಿಯಲ್ಲಿ ಕೊಂಡ ಹಾಗೆ. ನನ್ನ ಸ್ವಾಭಿಮಾನ ಕೆರಳಿತು.

"ಗಡಿಯಾಚೆ ಒಂದು ತೊಟ್ಟು ಹಾಕಿಸಿದ್ರೂ ಕೀ ನಿನ್ನ ಕೈಗೆ. ಕಾರು ನಿಂದು" ಎಂದೆ.

"ಹಾಕಿಸದೆ ಬಂದ್ರೆ?"

"ಇನ್ಮೇಲೆ ನೀನು ಕೀ ಸುದ್ದಿ ಎತ್ತಬಾರದು. ಜನ್ಮದಲ್ಲಿ."

"ವಿನಾಯಕನ ಮುಂದೆ ಹೇಳಿ."

ಡ್ಯಾಶ್‌ಬೋರ್ಡಿನ ಮುಂದೆ ನಿಂತು ಇಬ್ಬರೂ ಪ್ರಮಾಣ ಮಾಡಿದೆವು.

ಭಾನುವಾರ ಹೊರಟೆವು. ಹೆದ್ದಾರಿಯಲ್ಲಿ ನಲವತ್ತರ ವೇಗ. ಲಾರಿಗಳು ಹಾರ್ನ್ ಹೊಡೆದು ದಾಟಿದವು, ಬಸ್ಸು ದಾಟಿತು, ಹುಲ್ಲು ತುಂಬಿದ ಟ್ರ್ಯಾಕ್ಟರ್ ದಾಟುವಾಗ ಅದರ ಡ್ರೈವರ್ ಬಗ್ಗಿ ನನ್ನ ಮುಖ ನೋಡಿ, ಹುಷಾರಿದ್ದೇನೆ ಎಂದು ಖಾತ್ರಿ ಮಾಡಿಕೊಂಡು ಹೋದ. ಮುನಿಲಕ್ಷ್ಮಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದಳು. ನಂಗಲಿ ಬಂಕು ಬಂದಾಗ ಅತ್ತ ಕೈ ತೋರಿಸಿದಳು; ತುಂಬಿದ ಟ್ಯಾಂಕೂ ತೂಕವೇ ಎಂದು ನಾನು ನಿಲ್ಲಿಸಲಿಲ್ಲ.

ಊಟ ಭರ್ಜರಿಯಾಗಿತ್ತು. ನಾಟಿಕೋಳಿ ಸಾರು, ಮುದ್ದೆ, ಮೇಲೆ ಒಬ್ಬಟ್ಟು. ಕೈ ತೊಳೆಯುವಾಗ ಚನ್ನರಾಯಪ್ಪ ಕಿವಿಯ ಹತ್ತಿರ ಬಂದ.

"ಏಂ ತಮ್ಮುಡು, ನಿನ್ನ ಬಂಡೀಲಿ ಪೆಟ್ರೋಲ್ ಕಮ್ಮಿ ಅಂತಲ್ಲ? ನಮ್ಮನೇಲಿ ಒಂದು ಕ್ಯಾನ್ ಇದೆ. ಹಾಕ್ಲಾ? ನಿನ್ನೆ ನಂಗಲೀಲೇ ತಂದಿದ್ದು, ಕರ್ನಾಟಕದ್ದೇ."

ಮುನಿಲಕ್ಷ್ಮಿಗೂ ಕೇಳಿಸಿತು. "ಹಾಕಿಸ್ಕೊಳ್ಳಿ ರೀ. ಭಾವ ಕೊಟ್ಟಿದ್ದು ಪಂದ್ಯಕ್ಕೆ ಸೇರಲ್ಲ" ಎಂದಳು. ಈಗ ಯೋಚಿಸಿದರೆ ಆಗ ಅವಳಿಗೆ ಎಷ್ಟು ದೊಡ್ಡ ಮನಸ್ಸಿತ್ತು ಎಂದು ಹೊಟ್ಟೆ ಉರಿಯುತ್ತದೆ.

"ಬೇಡಣ್ಣ, ಬೇಕಾದಷ್ಟಿದೆ" ಎಂದೆ ನಾನು.

ಹೊರಡುವಾಗ ನೋಡುತ್ತೇನೆ, ಡಿಕ್ಕಿ ತೆರೆದಿದೆ. ಚನ್ನರಾಯಪ್ಪ ಅದರೊಳಗೆ ಒಂದು ಮೂಟೆ ಕಡಲೇಕಾಯಿ ಇಳಿಸುತ್ತಿದ್ದಾನೆ. ಪಕ್ಕದಲ್ಲಿ ಎರಡು ಹಲಸಿನಹಣ್ಣು, ಒಂದು ಬುಟ್ಟಿ ಹುಣಸೆಹಣ್ಣು. ಮನೆಯೊಳಗೆ ಭಾರತಮ್ಮ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತಿದ್ದಾರೆ. ಅಕ್ಕಿ, ಬೆಲ್ಲದ ಅಚ್ಚು, ಕೊಬ್ಬರಿ, ಮೇಲೆ ಐದು ತೆಂಗಿನಕಾಯಿ.

"ಅಕ್ಕಾ, ಶಾಸ್ತ್ರಕ್ಕೆ ಒಂದು ಹಿಡಿ ಅಕ್ಕಿ ಹಾಕಿದ್ರೆ ಸಾಕಲ್ವಾ?" ಎಂದೆ.

"ಹೆಣ್ಣುಮಗಳನ್ನ ಒಂದು ಹಿಡಿ ಅಕ್ಕಿ ಕೊಟ್ಟು ಕಳಿಸ್ತಾರಾ? ಅಮ್ಮ ಇಲ್ಲ ಅಂದ್ಮೇಲೆ ಇದೇ ಅವಳ ತವರು" ಎಂದು ಭಾರತಮ್ಮ ಕಣ್ಣೊರೆಸಿಕೊಂಡರು. ಮುನಿಲಕ್ಷ್ಮಿಯೂ ಒರೆಸಿಕೊಂಡಳು. ನಾನು ಮನಸ್ಸಿನಲ್ಲೇ ತೂಕ ಕೂಡುತ್ತಿದ್ದೆ. ನೂರರ ಹತ್ತಿರ ಬಂದಾಗ ನನಗೂ ಅಳು ಬಂತು. ಎಲ್ಲರೂ ನನ್ನನ್ನು ಮೃದು ಮನಸ್ಸಿನವನು ಎಂದುಕೊಂಡರು.

ಮುಂದೇನಾಯಿತು ಎಂದು ನೀವು ಊಹಿಸಿರುತ್ತೀರಿ. ಗಡಿ ಇನ್ನೂ ಎರಡು ಫರ್ಲಾಂಗ್ ಇರುವಾಗ ಕಾರು ಎರಡು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರು ಬಿಟ್ಟು ನಿಂತಿತು. ಕಣ್ಣೆದುರಿಗೆ ಕರ್ನಾಟಕಕ್ಕೆ ಸ್ವಾಗತ ಕೋರುವ ಬೋರ್ಡು. ಹಿಂದೆ ನೂರು ಹೆಜ್ಜೆಯಲ್ಲಿ, ಆಂಧ್ರದ ನೆಲದಲ್ಲಿ, ಒಂದು ಪೆಟ್ರೋಲ್ ಬಂಕು.

"ಅಲ್ಲಿದೆ ನೋಡಿ ಬಂಕು" ಎಂದಳು.

"ನನಗೆ ಕಾಣಿಸ್ತಿಲ್ಲ."

"ನಿಯಾನ್ ದೀಪ ಹಾಕವ್ರೆ."

"ಬೋರ್ಡು ದಾಟಿದ್ರೆ ಸಾಕು, ಆಮೇಲೆ ಇಳಿಜಾರು, ಕೆಳಗೆ ನಮ್ಮ ನಂಗಲಿ ಬಂಕು. ತಳ್ಕೊಂಡು ಹೋಗೋಣ."

"ತಳ್ಳೋರು ಯಾರು?"

"ನಾನೇ."

"ಸ್ಟೇರಿಂಗ್ ಹಿಡಿಯೋರು?"

ಇದಕ್ಕೆ ವಿಡಿಯೋದಲ್ಲಿ ಉತ್ತರ ಇರಲಿಲ್ಲ. ಕೆಳಗಿಳಿದು, ಕೀಯನ್ನು ಅವಳ ಅಂಗೈ ಮೇಲೆ ಇಟ್ಟೆ. "ಇದು ತಾತ್ಕಾಲಿಕ" ಎಂದೆ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿ ಮಾಡಿಕೊಂಡು, ಬೆಲ್ಟ್ ಹಾಕಿಕೊಂಡಳು. ನಿಂತ ಕಾರಿಗೆ ಇಷ್ಟೆಲ್ಲ ಸಂಭ್ರಮ ಏಕೆ ಎಂದು ನನಗೆ ಅರ್ಥವಾಗಲಿಲ್ಲ.

ತಳ್ಳಿದೆ. ನಾಟಿಕೋಳಿ, ಮುದ್ದೆ, ಒಬ್ಬಟ್ಟು ಮೂರೂ ಗಂಟಲಿಗೆ ಬಂದವು. ಕಡಲೇಕಾಯಿ ಮೂಟೆಗೆ ಹಣೆ ಒತ್ತಿಕೊಂಡಷ್ಟು ಹತ್ತಿರದಲ್ಲಿ ಬೆವರು ಸುರಿಸಿದೆ. ಒಬ್ಬ ಲಾರಿಯವನು ನಿಧಾನ ಮಾಡಿ ಕೇಳಿದ.

"ಏಮಯ್ಯಾ, ವೆನಕ ಬಂಕು ಉಂದಿ ಕದಾ?"

"ಹಿಂದೆ ಬಂಕಿರೋದು ಗೊತ್ತು ಹೋಗಯ್ಯಾ" ಎಂದೆ.

"ರೀ, ಜೋರಾಗಿ ತಳ್ಳಿ" ಎಂದಳು ಒಳಗಿಂದ, ಕಿಟಕಿ ತೆರೆದುಕೊಂಡು.

"ನೀನು ಇಳಿದು ನಡ್ಕೊಂಡು ಬಾರೇ, ತೂಕ ಕಮ್ಮಿಯಾಗ್ಲಿ."

"ಆಮೇಲೆ ಸ್ಟೇರಿಂಗ್ ವಿನಾಯಕ ಹಿಡ್ಕೋತಾನಾ?"

ಮುಂದಿನ ಚಕ್ರ ಬೋರ್ಡು ದಾಟಿತು. ಹಿಂದಿನ ಚಕ್ರವೂ ದಾಟಿತು. ನಾನು ಗೆದ್ದಿದ್ದೆ. ಎದೆ ತುಂಬಿ ಬಂದು, ಒಂದು ಕೊನೆಯ ನೂಕು ನೂಕಿದೆ. ಕಾರು ಮುಂದೆ ಹೋಯಿತು. ಇನ್ನೂ ಮುಂದೆ ಹೋಯಿತು. ನನ್ನ ಎರಡು ಕೈಗಳು ಗಾಳಿಯಲ್ಲಿ ಉಳಿದವು.

"ಲೇ, ಬ್ರೇಕ್ ಹಾಕೇ" ಎಂದು ಕೂಗಿದೆ.

"ಇಳಿಜಾರಲ್ಲಿ ಬ್ರೇಕ್ ಹಾಕಬಾರ್ದು ರೀ, ನ್ಯೂಟ್ರಲ್‌ನಲ್ಲಿ ಬಿಡ್ಬೇಕು, ನೀವೇ ಹೇಳಿದ್ದು" ಎಂಬ ಮಾತು ಗಾಳಿಯಲ್ಲಿ ತೇಲಿ ಬಂತು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಟಾಟಾ ಮಾಡಿತು.

ಒಂದು ಕಿಲೋಮೀಟರ್ ನಡೆದೆ. ಚಪ್ಪಲಿಯ ಉಂಗುಷ್ಠ ಕಿತ್ತು ಅರ್ಧ ದಾರಿ ಬರಿಗಾಲು. ಬಂಕು ಮುಟ್ಟಿದಾಗ ಕಾರು ಪಂಪಿನ ಪಕ್ಕಕ್ಕೆ, ಗೆರೆ ಎಳೆದಂತೆ ನೇರವಾಗಿ ನಿಂತಿತ್ತು. (ನಾನು ನಿಲ್ಲಿಸಿದರೆ ಪೈಪು ಮುಟ್ಟುವುದಿಲ್ಲ. ಅದೂ ಅಪ್ರಸ್ತುತ.) ಟ್ಯಾಂಕ್ ತುಂಬಿಸಿಯಾಗಿತ್ತು. ಪೆಟ್ರೋಲ್ ಹಾಕುವ ಹೆಂಗಸು ಮುನಿಲಕ್ಷ್ಮಿಯನ್ನೇ ನೋಡುತ್ತಿದ್ದಳು.

"ಸಾರ್, ಮೇಡಮ್ಮು ಒಂದು ತೊಟ್ಟೂ ಇಲ್ದೆ ಒಂದು ಕಿಲೋಮೀಟ್ರು ಓಡಿಸ್ಕೊಂಡು ಬಂದ್ರಂತೆ. ಭಾರಿ ಮೈಲೇಜು" ಎಂದಳು.

ನಾನು ಏದುಸಿರು ಬಿಡುತ್ತಾ ಹೇಳಿದೆ. "ಗಡಿಯಾಚೆ... ಒಂದು ತೊಟ್ಟೂ... ಹಾಕಿಸ್ಲಿಲ್ಲ. ಪಂದ್ಯ ನಂದು."

"ನಿಮ್ದೇ ರೀ. ಯಾರು ಇಲ್ಲ ಅಂದ್ರು? ನಾನು ಇನ್ಮೇಲೆ ಕೀ ಸುದ್ದಿ ಎತ್ತಲ್ಲ" ಎಂದಳು ಮುನಿಲಕ್ಷ್ಮಿ. "ಕೈಯಲ್ಲೇ ಇದೆ, ಸುದ್ದಿ ಎತ್ತಿ ಏನ್ಮಾಡ್ಲಿ?"

ನಾನು ಎಡಗಡೆ ಬಾಗಿಲಿಗೆ ಕೈ ಹಾಕಿದೆ. ಅದು ಒಳಗಿನಿಂದ ಲಾಕ್ ಆಗಿತ್ತು.

"ನಿಮ್ಮ ತೂಕ ಎಷ್ಟು ರೀ?"

"ಎಂಬತ್ತೆರಡು."

"ಅದು ಊಟಕ್ಕೆ ಮುಂಚೆ. ಕಡಲೇಕಾಯಿ ಮೂಟೆ ನಲವತ್ತು. ಯಾವುದನ್ನ ಇಳಿಸಿದ್ರೆ ಮೈಲೇಜ್ ಬರುತ್ತೆ, ನೀವೇ ಹೇಳಿ. ನಿಮಗೆ ಶಾಸ್ತ್ರ ಗೊತ್ತಲ್ಲ."

ನಾನು ಶಾಸ್ತ್ರಕ್ಕೆ ವಿರುದ್ಧವಾಗಿ ಮಾತಾಡುವವನಲ್ಲ. ಬಾಗಿಲಿನಿಂದ ಕೈ ತೆಗೆದೆ. ಅವಳು ಕಿಟಕಿಯಿಂದ ಐವತ್ತು ರೂಪಾಯಿಯ ಒಂದು ನೋಟು ಕೊಟ್ಟು, "ಮುಳಬಾಗಿಲಿಗೆ ಬಸ್ಸು ಬೇಕಾದಷ್ಟಿದೆ, ನಿಧಾನಕ್ಕೆ ಬನ್ನಿ, ಮನೇಲಿ ಕಾಯ್ತಿರ್ತೀನಿ" ಎಂದಳು. ಆಮೇಲೆ ಕಿಟಕಿ ಏರಿಸಿ, ಎಸಿ ಹಾಕಿ, ಹೊರಟುಹೋದಳು.

ಈಗ ಮೂರು ತಿಂಗಳಾಯಿತು. ಕೀ ಅವಳ ಡೇರಿ ಚೀಲದಲ್ಲಿದೆ. ನಾನು ಶೇರ್ ಆಟೋದಲ್ಲಿ ನೇತಾಡಿಕೊಂಡು ಹೈಸ್ಕೂಲಿಗೆ ಹೋಗುತ್ತೇನೆ. ಕಾರು ಲೀಟರಿಗೆ ಮೊದಲಿಗಿಂತ ಎರಡು ಕಿಲೋಮೀಟರ್ ಜಾಸ್ತಿ ಕೊಡುತ್ತಿದೆಯಂತೆ. ನನ್ನ ಪೆಟ್ರೋಲ್ ಖರ್ಚಂತೂ ಪೂರ್ತಿ ಉಳಿದಿದೆ.