ಡೇರೆ ಹೂವಿನೊಳಗಿನ ಅತ್ತೆ

ಹೂವಿನ ಚಿತ್ರ ಬರೆದು ಬದುಕುವವನಿಗೆ ದೆವ್ವದ ಕಾಟ ಇರಬಾರದು. ನನಗೆ ಮಾತ್ರ ಅದು ತಪ್ಪಿದ್ದಲ್ಲ. ಈ ಸಲದ್ದು ನಡೆದದ್ದು ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟ್ ಮನೆಯಲ್ಲಿ.

ಬಣ್ಣ

ಆ ಮನೆಯ ಅತ್ತೆ ತೀರಿಕೊಂಡು ವರ್ಷವಾಗಿತ್ತು. ಅವರು ಬೆಳೆಸಿದ ಡೇರೆ ಹೂಗಳನ್ನು ಹಿತ್ತಾಳೆ ಚೊಂಬಿನಲ್ಲಿಟ್ಟು ಚಿತ್ರ ಬರೆಸಬೇಕೆಂದು ಸೊಸೆಗೆ ಆಸೆ. ಬದುಕಿದ್ದಷ್ಟು ದಿನ ಅತ್ತೆ ಒಂದು ಡೇರೆ ಗೆಡ್ಡೆಯನ್ನೂ ಯಾರಿಗೂ ಕೊಟ್ಟವರಲ್ಲ. ಸೊಸೆ ಪಕ್ಕದ ತೋಟದ ಅಕ್ಕನಿಗೆ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟು, ಅಂದಿನಿಂದ ಅತ್ತೆಗೆ ಹೆದರಿ ನಿದ್ದೆಗೆಟ್ಟಿದ್ದರು.

ನಾನು ಮೊದಲು ಗಾಢ ಬಣ್ಣ ಬಳಿದು, ಅದರ ಮೇಲೆ ದಪ್ಪ ಕುಂಚದಲ್ಲಿ ಎಸಳು ಕೂರಿಸುತ್ತಾ ಹೋಗುವವನು. ಮೊದಲ ದಿನ ಬರೀ ಕಪ್ಪು ನೇರಳೆ. ಕಾಫಿ ತಂದ ಅಡುಗೆಯಾಕೆ ನೋಡಿ, ತೀರಿಹೋದ ದೊಡ್ಡಮ್ಮನವರಿಗೆ ಕೊನೆಗೆ ಉಡಿಸಿ ಕಳಿಸಿದ ಸೀರೆಯ ಬಣ್ಣ ಇದೇ ಅಂದಳು. ಕಾಫಿಯನ್ನು ನನಗೆ ಕೊಡದೆ ಚಿತ್ರದ ಮುಂದಿಟ್ಟು ಹೋದಳು.

ಮುಖ

ನನ್ನ ಚಿತ್ರ ಹತ್ತಿರದಿಂದ ಬರೀ ಬಣ್ಣದ ಮುದ್ದೆ, ದೂರ ನಿಂತರೆ ಹೂ. ಪದರದ ಮೇಲೆ ಪದರ ಬಿದ್ದ ಮೇಲೆ, ಪಡಸಾಲೆಯ ಬಾಗಿಲಲ್ಲಿ ನಿಂತು ನೋಡಿದ ಸೊಸೆಗೆ ಹೂ ಕಾಣಲಿಲ್ಲ, ಅತ್ತೆ ಕಂಡರು. ನಾನೂ ಹೋಗಿ ನಿಂತೆ. ಎಸಳುಗಳ ನಡುವೆ ಹಣೆ, ಮೂಗು, ಬಿಗಿದ ತುಟಿ, ನನ್ನನ್ನೇ ನೋಡುವ ಕಣ್ಣು. ಸೊಸೆ ಒಳಕೋಣೆಯಿಂದ ಫೋಟೋ ತಂದು ಹಿಡಿದರು. ಅದೇ ಹಣೆ, ಅದೇ ತುಟಿ; ಅಲ್ಲಿವರೆಗೆ ನಾನು ಆ ಮುಖವನ್ನು ನೋಡಿದವನೇ ಅಲ್ಲ.

ಅಂದಿನಿಂದ ಅತ್ತೆಯ ಮಗ, ಮನೆಯ ಯಜಮಾನರು, ಆ ಪಡಸಾಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ಬಿಟ್ಟರು.

ಕಣ್ಣು

ಮಳೆ ಮುಗಿದು ಗೆಡ್ಡೆ ಕೀಳುವ ಹೊತ್ತಿಗೆ ಸೊಸೆ ಫೋನು ಮಾಡಿದರು.

"ಮಾಸ್ತರೇ, ಮುಖ ಅಳಿಸೋದು ಬೇಡ, ಪಾಪ ಬರುತ್ತೆ. ಕಣ್ಣು ಮಾತ್ರ ಮುಚ್ಚಿಬಿಡಿ. ನಾನು ಗೆಡ್ಡೆ ಕೊಡೋದು ಅವ್ರಿಗೆ ಕಾಣಬಾರದು."

ಹೋಗಿ, ಕಣ್ಣುಗಳಿದ್ದ ಕಡೆ ಎರಡು ಕೆಂಪು ಡೇರೆ ಹೂ ಬರೆದೆ. ಹತ್ತಿರ ನಿಂತು ನೋಡಿದ ಸೊಸೆಗೆ ಸಮಾಧಾನವಾಯಿತು. ಪಕ್ಕದ ತೋಟದ ಅಕ್ಕನನ್ನು ಕರೆಸಿ ಒಂದು ಹಿಡಿ ಗೆಡ್ಡೆ ಮಡಿಲಿಗೆ ಹಾಕಿದರು. ಆ ಅಕ್ಕ ಹೊರಡುವಾಗ ಬಾಗಿಲಲ್ಲಿ ಸುಮ್ಮನೆ ತಿರುಗಿ ನೋಡಿ, ಹಾಗೇ ನಿಂತುಬಿಟ್ಟರು. ನಾನೂ ಅಲ್ಲಿಂದ ನೋಡಿದೆ. ದೊಡ್ಡಮ್ಮ ಕೆಂಗಣ್ಣು ಬಿಟ್ಟುಕೊಂಡಿದ್ದರು. ಅಕ್ಕ ಸರಸರನೆ ಹೊರಟುಹೋದರು.

ಸಂಜೆಯೊಳಗೆ ಗೆಡ್ಡೆ ವಾಪಸ್ ಬಂತು. ಸೊಸೆ ಕೊಟ್ಟದ್ದು ಒಂದು ಹಿಡಿ, ಬಂದದ್ದು ಒಂದು ಬುಟ್ಟಿ. ಏನಿದು ಎಂದು ಸೊಸೆ ಫೋನು ಮಾಡಿ ಕೇಳಿದರೆ ಆ ಅಕ್ಕ ಒಂದೇ ಉಸಿರಿಗೆ ಹೇಳಿದರು.

"ನಿಮ್ಮತ್ತೆಗೆ ಹೇಳಿಬಿಡು ಮಾರಾಯ್ತಿ, ಅವ್ರು ಇದ್ದಾಗ ನಾನು ಕದ್ದಿದ್ದೂ ಅದರಲ್ಲೇ ಇದೆ."