ಏಡಿ ಬೆಡಗಿನ ಚಿಕ್ಕಪ್ಪ

ಒಂದು ಏಡಿ ಸತ್ತಿತೆಂದು ಮನೆಮಂದಿಗೆಲ್ಲ ತಲೆಗೆ ನೀರು ಹುಯ್ದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನು ಬಂತು, ಆ ತಣ್ಣೀರು ನನ್ನ ತಲೆ ಮೇಲೂ ಬಿದ್ದಿದೆ! ಆತ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಚಿಕ್ಕಪ್ಪ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹಿರಿಯೂರು ತಾಲ್ಲೂಕಿನ ಆದಿವಾಲದ ಹತ್ತಿರ ನಮ್ಮ ಹಟ್ಟಿ. ಕುರಿ ಕಾಯುವ ಮನೆತನ. ಬೇರೆಯವರಲ್ಲಿ ಗೋತ್ರ ಇದ್ದ ಹಾಗೆ ನಮ್ಮಲ್ಲಿ ಬೆಡಗು. ನಮ್ಮದು ಏಡಿ ಬೆಡಗು. ಏಡಿಯನ್ನು ನಾವು ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ಒಂದೇ ಬೆಡಗಿನವರೆಲ್ಲ ಅಣ್ಣತಮ್ಮ ಅಕ್ಕತಂಗಿಯರು. ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಇಷ್ಟಕ್ಕೇ ನಿಂತಿದ್ದರೆ ನಾನೇಕೆ ಬಾಯಿ ಬಡಿದುಕೊಳ್ಳುತ್ತಿದ್ದೆ? ನಮ್ಮ ಚಿಕ್ಕಪ್ಪ ಪ್ರಪಂಚದ ಸಕಲ ಪ್ರಾಣಿಗಳಿಗೂ ಬೆಡಗು ಹಂಚಿಬಿಟ್ಟಿದ್ದ!

ಕುರಿ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ಸುತ್ತುವಾಗ ಮರದ ಕೆಳಗೆ ಕಂಬಳಿ ಹಾಸಿ ಕೂತು, ಯಾವುದಕ್ಕೆ ಯಾವುದು ನೆಂಟ ಎಂದು ಯೋಚಿಸುವುದೇ ಅವನ ಕೆಲಸ. ಬೆಕ್ಕು ಹುಲಿಗೆ ಸೋದರತ್ತೆ. ಮೊಸಳೆಯೂ ಹಲ್ಲಿಯೂ ದಾಯಾದಿಗಳು. ಆಸ್ತಿ ಭಾಗವಾಗುವಾಗ ಹಲ್ಲಿಗೆ ಮೋಸವಾಗಿ ಬರೀ ಗೋಡೆ ಬಂತು. ಕತ್ತೆ ಕುದುರೆ ಒಂದೇ ಬೆಡಗು. ಅವೆರಡೂ ಹಿರಿಯರನ್ನು ಕೇಳದೆ ಓಡಿಹೋಗಿ ಮದುವೆಯಾದದ್ದಕ್ಕೇ ಅವುಗಳಿಗೆ ಹುಟ್ಟಿದ ಹೇಸರಗತ್ತೆಗೆ ಮಕ್ಕಳಾಗುವುದಿಲ್ಲ! ಬಾವಲಿ ಮಾತ್ರ ಅವನಿಗೆ ಬಹಳ ದಿನ ಕಗ್ಗಂಟಾಗಿತ್ತು. ಕೊನೆಗೆ ತೀರ್ಪು ಕೊಟ್ಟ: "ಹಕ್ಕಿ ಮನೇರೂ ಸೇರಿಸ್ಲಿಲ್ಲ, ಇಲಿ ಮನೇರೂ ಸೇರಿಸ್ಲಿಲ್ಲ. ಬಹಿಷ್ಕಾರ ಹಾಕವ್ರೆ. ಅದ್ಕೇ ತಲೆಕೆಳಗಾಗಿ ನೇತಾಡ್ತೈತೆ."

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಸೇರಿ ಪ್ರಾಣಿಶಾಸ್ತ್ರ ತಗೊಂಡೆ. ನಮ್ಮ ಹಟ್ಟಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಆ ಡಿಗ್ರಿ ಅಂದರೆ ನನಗೆ ಪ್ರಾಣ. ರಜಕ್ಕೆ ಬಂದು ಪುಸ್ತಕ ತೆಗೆದರೆ ಸಾಕು, ಚಿಕ್ಕಪ್ಪ ಹಾಜರ್!

"ಏನ್ ಹೇಳ್ತೈತೆ ನಿನ್ ಪುಸ್ತಕ?"

"ಬೆನ್ನುಮೂಳೆ ಇರೋ ಪ್ರಾಣಿ ಒಂದು ಕಡೆ, ಇಲ್ಲದವು ಒಂದು ಕಡೆ."

"ಬೆನ್ನು ತಡವಿ ಸಂಬಂಧ ಹೇಳ್ತಾರೇನೇ? ಹಿರೇರನ್ನ ಕೇಳಲ್ವಾ? ನಿಮ್ ಮೇಷ್ಟ್ರನ್ನ ಇಲ್ಲಿಗೆ ಕರ್ಕಂಡ್ ಬಾ, ನಾನು ವಿಚಾರಿಸ್ತೀನಿ."

ತಿಮಿಂಗಿಲ ಮೀನಲ್ಲ, ಅದು ಮರಿಗೆ ಹಾಲು ಕುಡಿಸುತ್ತದೆ ಎಂದ ದಿನವಂತೂ ರಂಪವೇ ಆಯಿತು. "ಸಮುದ್ರದಾಗೆ ಹಾಲಾ? ನೀರು ಬೆರೆಸಿದ ಹಾಲು ಅಂತ ಹೇಳು!" ಎಂದು ಇಡೀ ಹಟ್ಟಿಗೆ ಕೇಳುವಂತೆ ನಕ್ಕ. ಹಗಲೂ ರಾತ್ರಿ ಕಷ್ಟಪಟ್ಟು ಓದಿದವಳು ನಾನು, ನಗುವವನು ಇವನು! ನೀವೇ ಹೇಳಿ, ಸಿಟ್ಟು ಬರುತ್ತದೋ ಇಲ್ಲವೋ?

ಇನ್ನು ಆ ಏಡಿಯ ಕಥೆ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ನಾವೇ ಹಿಡಿದ ಪ್ರಾಣಿಗಳನ್ನು ಕೆಡದಂತೆ ಇಟ್ಟು ತೋರಿಸಬೇಕಿತ್ತು. ವೇದಾವತಿ ಹೊಳೆಯಲ್ಲಿ ಒಂದು ಏಡಿ ಹಿಡಿದು, ಫಾರ್ಮಲಿನ್ ಬಾಟಲಿಗೆ ಹಾಕಿ, ಅಟ್ಟದ ಮೇಲೆ ರಾಗಿ ಮೂಟೆಯ ಹಿಂದೆ ಬಚ್ಚಿಟ್ಟಿದ್ದೆ. ಹೇಗೋ ಚಿಕ್ಕಪ್ಪನ ಕಣ್ಣಿಗೆ ಬಿತ್ತು.

"ಅಯ್ಯಯ್ಯೋ! ನಮ್ಮ ಹಿರೀಕನ್ನ ಉಪ್ಪಿನಕಾಯಿ ಹಾಕವ್ಳಲ್ರೋ!"

ತಗೊಂಡು ಹೋಗಿ ಜಾಲಿ ಮರದ ಕೆಳಗೆ ಮಣ್ಣು ಮಾಡಿಯೇಬಿಟ್ಟ. ಮನೆಗೆ ಸೂತಕ! ಒಲೆ ಹಚ್ಚುವಂತಿಲ್ಲ, ದೇವರಿಗೆ ದೀಪ ಇಡುವಂತಿಲ್ಲ. ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕೊಡದಿಂದ ನೀರು ಹುಯ್ದ. ಪಕ್ಕದ ಹಟ್ಟಿಯ ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು ಬಂದು, "ಯಾರ್ ಹೋದ್ರವ್ವಾ? ವಯಸ್ಸಾಗಿತ್ತಾ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಏನೆಂದು ಹೇಳಬೇಕು?

ನಾನು ಒದ್ದೆ ತಲೆಯಲ್ಲೇ ಕಿರುಚಿದೆ: "ಅದು ನಮ್ಮ ನೆಂಟ ಅಲ್ಲ! ಚೇಳು, ಜರಿ, ಜೇನುಹುಳ, ಇವುಗಳ ನೆಂಟ! ಎಲ್ಲವಕ್ಕೂ ಕಾಲಲ್ಲಿ ಕೀಲು ಕೀಲು ಇರ್ತವೆ, ಎಲ್ಲಾ ಒಂದೇ ವಂಶ!"

ಚಿಕ್ಕಪ್ಪ ಶಾಂತವಾಗಿ, "ಸಾವಿನ ಮನೇಲಿ ಹಂಗೆಲ್ಲ ಬೈಬಾರ್ದು" ಅಂದ.

ಅವನ ಜೊತೆ ಮಾತು ಬಿಟ್ಟೆ. ಅಷ್ಟರಲ್ಲಿ ಅದೇ ಚಿಕ್ಕಪ್ಪ, ನನ್ನನ್ನು ಒಂದು ಮಾತೂ ಕೇಳದೆ, ನನಗೊಂದು ಗಂಡು ಹುಡುಕಿಕೊಂಡು ಬಂದ! ಹೊಳಲ್ಕೆರೆ ಕಡೆಯ ತಾಳ್ಯದವರು. ಜೇನು ಬೆಡಗು, ರೊಪ್ಪದ ತುಂಬ ಕುರಿ. ಕೊಟ್ಟು ತರುವ ಸಂಬಂಧ: ನಾನು ಆ ಮನೆಗೆ, ಹುಡುಗನ ತಂಗಿ ಚಿಕ್ಕಪ್ಪನ ಮಗನಿಗೆ. ಪಾಪ, ಆ ನಮ್ಮಣ್ಣ ಚಿಕ್ಕಂದಿನಿಂದ ಒಂದು ಕಾಲು ಎಳೆದು ನಡೆಯುತ್ತಿದ್ದ. ಹೋದ ಕಡೆಯೆಲ್ಲ ಇಲ್ಲ ಅನ್ನಿಸಿಕೊಂಡು ಬಂದಿದ್ದ ಚಿಕ್ಕಪ್ಪನಿಗೆ ಇದೊಂದೇ ಮನೆ ಹೂಂ ಅಂದಿತ್ತು. ನಾನು ಕೇಳಿಕೊಂಡದ್ದು ಒಂದೇ, ಪರೀಕ್ಷೆ ಮುಗಿಯಲಿ. ಗಂಡಿನ ಕಡೆಯವರನ್ನ ಕೇಳ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದ.

ನೋಡಲು ಬಂದರು. ಮಂಡಕ್ಕಿ, ಮೆಣಸಿನಕಾಯಿ, ಕಾಫಿ ಎಲ್ಲ ಆಯಿತು. ಅಪ್ಪ ಮೆಲ್ಲಗೆ ಪರೀಕ್ಷೆಯ ಮಾತು ತೆಗೆದ. ಹುಡುಗನ ಅಪ್ಪ ಮೀಸೆ ತಿರುವಿ ನಕ್ಕ.

"ಪರೀಕ್ಷೆ ಗಿರೀಕ್ಷೆ ಎಲ್ಲ ಬ್ಯಾಡ ಬಿಡ್ರಿ. ಬರೋ ತಿಂಗ್ಳೇ ತಾಳಿ ಕಟ್ಸಾಣ. ನಮ್ಮನೇಗೆ ಕುರಿ ಹಿಕ್ಕೆ ಬಾಚೋಕೆ ಡಿಗ್ರಿ ಬೇಕಾ?"

ಬಂದವರೆಲ್ಲ ಗೊಳ್ಳೆಂದರು. ಅಪ್ಪ ತಲೆ ತಗ್ಗಿಸಿದ. ಓದಿದ್ದೆಲ್ಲ ನೀರುಪಾಲಾಯಿತಲ್ಲ ಎಂದು ನಾನು ಕಂಬದ ಹಿಂದೆ ಸೆರಗು ಕಚ್ಚಿಕೊಂಡು ನಿಂತೆ. ಎಲ್ಲಾ ಈ ಚಿಕ್ಕಪ್ಪನಿಂದ! ಅವನನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ.

"ಸ್ವಲ್ಪ ತಡೀರಿ," ಎಂದ ಎಲೆಯಡಿಕೆ ಉಗಿದು ಬಂದು. "ನಮ್ದು ಏಡಿ, ನಿಮ್ದು ಜೇನು. ಏನವ್ವಾ, ಇವೆರಡೂ ನಿನ್ ಪುಸ್ತಕದಾಗೆ ಎಲ್ಲೆಲ್ಲಿ ಅವೆ?"

ನನಗೆ ಅರ್ಥವಾಗಲಿಲ್ಲ. "ಒಂದೇ ಕಡೆ" ಎಂದೆ.

"ಜೋರಾಗಿ ಹೇಳು!"

"ಒಂದೇ ವಂಶ! ಎರಡಕ್ಕೂ ಕಾಲಲ್ಲಿ ಕೀಲು!"

"ಕೇಳಿದ್ರಾ? ಕಾಲೇಜು ಪುಸ್ತಕದಾಗೆ ಅಚ್ಚಾಗೈತೆ. ಅಂದ್ಮೇಲೆ ನಾವೂ ನೀವೂ ಅಣ್ಣತಮ್ಮಂದಿರಾದ್ವಿ. ಇನ್ನೆಲ್ಲಿ ಮದ್ವೆ?"

ಹುಡುಗನ ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರ ಅಜ್ಜಿ ಕೋಲು ಊರಿ ಎದ್ದು ನಿಂತಿತು. "ಅಣ್ಣತಂಗೀಗೆ ಗಂಟು ಹಾಕೋಕೆ ಕರ್ಕಂಡ್ ಬಂದ್ರೇನ್ರೋ ನನ್ನ! ವಂಶ ಉಳೀತೈತಾ? ಏಳ್ರೋ, ಹೋಗಾಣ!" ಲೋಟದಲ್ಲಿ ಅರ್ಧ ಕಾಫಿ ಹಾಗೇ ಬಿಟ್ಟು ಎದ್ದರು.

ಆಮೇಲೆ ಮನೆಯವರೆಲ್ಲ ಚಿಕ್ಕಪ್ಪನ ಮೇಲೆ ಬಿದ್ದರು. ಚಿಕ್ಕಮ್ಮ ಮಗನ ಹೆಸರು ಹೇಳಿಕೊಂಡು ಎದೆ ಬಡಿದುಕೊಂಡು ಅತ್ತಳು. ಅವನು ರೊಪ್ಪಕ್ಕೆ ಹೋಗಿ, ಕುಂಟುತ್ತಿದ್ದ ಒಂದು ಮರಿ ಹಿಡಿದು, ಗೊರಸಿನ ಮುಳ್ಳು ತೆಗೆಯಲು ಕೂತ. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ.

"ಅವತ್ತು ನನ್ನ ಪುಸ್ತಕ ಬೈಗುಳ ಆಗಿತ್ತು, ಇವತ್ತು ವೇದ ಆಯ್ತಾ?"

"ಇವತ್ತೂ ಸುಳ್ಳೇ. ಏಡಿಗೂ ಜೇನಿಗೂ ಎಲ್ಲೀ ಸಂಬಂಧ? ನಾ ಸತ್ರೂ ಒಪ್ಪಲ್ಲ."

"ಮತ್ಯಾಕಂಗಂದೆ?"

"ನೀನು ಅಳ್ತಿದ್ದೆ."

"ಅಣ್ಣಂಗೆ ಆ ಹುಡುಗಿ ತಪ್ಪಿ ಹೋದ್ಲಲ್ಲ, ಚಿಕ್ಕಪ್ಪ..."

ಅವನು ತಲೆ ಎತ್ತಲಿಲ್ಲ. "ಅವ್ನು ಕಾಯ್ತಾನವ್ವ. ಪರೀಕ್ಷೆ ಕಾಯಲ್ವಲ್ಲ. ಹೋಗು, ಓದ್ಕ ಹೋಗು."

ನಾನು ಹೋಗಲಿಲ್ಲ. ಅವನ ಎದುರು ಕುಕ್ಕರಗಾಲಲ್ಲಿ ಕೂತು ಮರಿಯ ಕಾಲು ಹಿಡಿದುಕೊಂಡೆ. ಗೊರಸಿನ ಸಂದಿಯಲ್ಲಿ ಅವನು ತಡಕುತ್ತಲೇ ಇದ್ದ, ಮುಳ್ಳು ಸಿಗುತ್ತಿರಲಿಲ್ಲ.