ಪೆತ್ರೂಖಿನ್‌ಗೆ ಒಂದು ಶಾಲು

ಎಲ್ಲ ಫಜೀತಿಗೂ ಮೂಲ ಒಂದು ಉದ್ದನೆಯ ಚೀಲ. ವಿಲಾಯತಿಯ ರೇನರ್ಸ್ ಲೇನಿನಲ್ಲಿ ವಿಜಯಪುರದ ಪರಪ್ಪನ ಪಕ್ಕದ ಮನೆಯ ರಷ್ಯನ್ ದಿನವೂ ಅದನ್ನು ಹೆಗಲಿಗೇರಿಸಿ ಹೊರಡುತ್ತಿದ್ದ. ಹಳೆಯ ಟೆನಿಸ್ ಚಾಂಪಿಯನ್ ಗೆನ್ನಾಡಿ ಪೆತ್ರೂಖಿನ್ ನಿವೃತ್ತನಾಗಿ ಅಲ್ಲೇ ಹತ್ತಿರದ ಹ್ಯಾರೋ ಕಡೆ ಎಲೆಮರೆಯ ಕಾಯಿಯಂತೆ ಇದ್ದಾನೆಂದು ಪರಪ್ಪ ಪೇಪರಿನಲ್ಲಿ ಓದಿದ್ದ. ಅದು ರ‍್ಯಾಕೆಟ್ಟಿನ ಚೀಲವೇ ಇರಬೇಕೆಂದು, ಚೀಲವನ್ನೂ ಸುದ್ದಿಯನ್ನೂ ತಾನೇ ಗಂಟು ಹಾಕಿ, ಒಂದು ತೊಟ್ಟಿಲ ಕಾರ್ಯಕ್ರಮದಲ್ಲಿ ಪಾಯಸ ಕುಡಿಯುತ್ತ, "ಪೆತ್ರೂಖಿನ್ ನಮ್ಮ ಬಾಜೂ ಮನ್ಯಾಗ ಅದಾರ್ರಿ. ನಾನಂದ್ರ ಭಾಳ ಪ್ರೀತಿ ಅವ್ರಿಗೆ" ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕನ್ನಡ ಬಳಗದ ಅಧ್ಯಕ್ಷ, ಬೆಂಗಳೂರಿನ ಉದಯಶಂಕರ್, ಅಲ್ಲೇ ಹಿಡಿದುಕೊಂಡರು. "ರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ. ಪರಿಚಯ ಭಾಷಣ ನಿಮ್ಮದೇ, ಪರಪ್ಪನವರೇ."

ಹನ್ನೆರಡು ವರ್ಷದಿಂದ ಬಳಗದಲ್ಲಿ ಪರಪ್ಪನ ಕೆಲಸ ಕುರ್ಚಿ ಹಾಕುವುದು, ಕುರ್ಚಿ ತೆಗೆಯುವುದು. ಮೈಕನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮೂರು ವಾರ ಕೂತು ನಾಲ್ಕು ಪುಟ ಬರೆದ: ಪೆತ್ರೂಖಿನ್ ಟ್ರ್ಯಾಕ್ಟರ್ ಕಾರ್ಖಾನೆಯ ಗೋಡೆಗೆ ಚೆಂಡು ಬಡಿದು ಆಟ ಕಲಿತದ್ದು, ಒಂದೇ ಒಂದು ದೊಡ್ಡ ಪಂದ್ಯಾವಳಿ ಗೆದ್ದದ್ದು, ಸಿಟ್ಟಿನಲ್ಲಿ ನಲವತ್ತು ರ‍್ಯಾಕೆಟ್ ಮುರಿದದ್ದು, ಕೊನೆಗೆ ಮಂಡಿಯೇ ಕೈಕೊಟ್ಟು ಆಟ ಬಿಟ್ಟದ್ದು. ಹೆಂಡತಿ ಗಿರಿಜಾದೇವಿ ವಿಜಯಪುರದ ನೆಂಟರಿಷ್ಟರಿಗೆಲ್ಲ ಫೋನು ಮಾಡಿ, "ನಮ್ಮವ್ರು ಭಾಷಣ ಮಾಡ್ತಾರ, ಲೈವ್ ನೋಡ್ರಿ" ಎಂದು ಡಂಗುರ ಹೊಡೆದಳು.

ಅತಿಥಿಯನ್ನು ಕರೆಯುವುದಕ್ಕೆ ಮಾತ್ರ ಧೈರ್ಯ ಬಂದದ್ದು ಕಾರ್ಯಕ್ರಮದ ದಿನ ಬೆಳಿಗ್ಗೆ. ಪಕ್ಕದ ಮನೆಯವನು ಬಾಗಿಲು ತೆರೆದ. ಉದ್ದನೆಯ ಚೀಲ ಅಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಳಗೆ ಪೈಪು, ಪಾನಾ.

"ನಾನು ಅನಾತೊಲಿ. ಬಾಯ್ಲರ್ ರಿಪೇರಿ ಮಾಡ್ತೇನೆ" ಎಂದ.

ಪರಪ್ಪ ಅವನ ಕೈ ಹಿಡಿದುಕೊಂಡ. ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ಹತ್ತು ನಿಮಿಷ ಪೆತ್ರೂಖಿನ್ ಆಗಿ ವೇದಿಕೆಯಲ್ಲಿ ಕುಳಿತರೆ ಸಾಕೆಂದು ಅಂಗಲಾಚಿದ. ಹಳೆಯ ಫೋಟೋಗಳಲ್ಲಿ ಪೆತ್ರೂಖಿನ್‌ಗೆ ಭುಜದವರೆಗೆ ಕೂದಲಿತ್ತು, ಅನಾತೊಲಿ ಬೋಳ. ಕೂದಲು ಹೋದ ಮೇಲೆ ಯಾರು ಯಾರಾದರೂ ಆಗಬಹುದು.

"ಊಟ?" ಎಂದ ಅನಾತೊಲಿ.

"ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಬೇಕಾದಷ್ಟು."

ಅನಾತೊಲಿ ಕೋಟು ಹಾಕಿಕೊಂಡ.

ಕಾರ್ಯಕ್ರಮ ಹ್ಯಾರೋದ ಒಂದು ಒಳಾಂಗಣ ಆಟದ ಹಾಲ್‌ನಲ್ಲಿ. ಬಾಗಿಲ ಬಳಿ ಟೋಪಿ ಹಾಕಿಕೊಂಡ ಒಬ್ಬ ಕುಂಟುವ ಮುದುಕ ಕಾರ್ಯಕ್ರಮದ ಪೋಸ್ಟರನ್ನೇ ದಿಟ್ಟಿಸುತ್ತ ನಿಂತಿದ್ದ. ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಉದಯಶಂಕರ್ ಅವನನ್ನು ಹಾಲ್‌ನ ಆಳೆಂದುಕೊಂಡು, "ಕುರ್ಚಿಗಳು ಆ ಕಡೆ" ಎಂದು ಕೈ ತೋರಿಸಿದರು. ಮುದುಕ ಬಾಯಿ ಮುಚ್ಚಿ, ಪರಪ್ಪನ ಜೊತೆ ಕುರ್ಚಿ ಹಾಕತೊಡಗಿದ. ಪರಪ್ಪನ ಕುರ್ಚಿಯ ಕಾಲು ನೆಲದ ಮೇಲಿನ ಆಟದ ಅಂಕಣದ ಬಿಳಿ ಗೆರೆಯನ್ನು ಒಂದಂಗುಲ ದಾಟಿದರೂ "ಔಟ್" ಎಂದು ಒಳಗೆ ತಳ್ಳುತ್ತಿದ್ದ. ಇವನೊಬ್ಬ ಎಲ್ಲಿ ಗಂಟುಬಿದ್ದನಪ್ಪ ಎಂದು ಪರಪ್ಪ ಗೊಣಗಿದ.

ವೇದಿಕೆ ಏರುವ ಹೊತ್ತಿಗೆ ಉದಯಶಂಕರ್ ಆ ನಾಲ್ಕು ಪುಟಗಳನ್ನು ಮೆಲ್ಲಗೆ ಎಳೆದುಕೊಂಡರು. "ಲೈವ್ ಹೋಗ್ತಿದೆ ಪರಪ್ಪನವರೇ. ನಿಮ್ಮ ಕಡೆ ಭಾಷೆ ಎಲ್ರಿಗೂ ಅರ್ಥ ಆಗಲ್ಲ. ನಾನೇ ಓದ್ತೀನಿ, ನೀವು ಹಾರ ಹಿಡ್ಕೊಳ್ಳಿ."

"ಅಧ್ಯಕ್ಷರ, ನಾ ಬಾಯಿಪಾಠ ಮಾಡೇನ್ರಿ" ಎಂದ ಪರಪ್ಪ. ಅಷ್ಟರಲ್ಲಿ ಮೈಕಿನಲ್ಲಿ "ನನ್ನ ಆತ್ಮೀಯ ಗೆಳೆಯ ಪೆತ್ರೂಖಿನ್" ಎಂದು ಕೇಳಿಸಿತು. ಮಕ್ಕಳಿಗಾಗಿ ಇಂಗ್ಲಿಷ್ ಅನುವಾದ ಪರದೆಯ ಮೇಲೆ ಹರಿಯಿತು. ಪರಪ್ಪನಿಗೆ ಅಳುವೇ ಬಂತು. ಗಿರಿಜಾದೇವಿಯ ಫೋನಿನಲ್ಲಿ ವಿಜಯಪುರ ಕೇಳುತ್ತಿತ್ತು: "ಪರಪ್ಪ ಎಲ್ಲಿ ಅದಾನವ್ವಾ?"

ಅನಾತೊಲಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಆಯಿತು. ಹಾಲ್‌ನ ರ‍್ಯಾಕೆಟ್, ಚೆಂಡು ಕೈಗಿಟ್ಟು, ಒಂದು ಸರ್ವ್ ಹೊಡೆಯಿರಿ ಎಂದು ಮಕ್ಕಳು ಗಂಟುಬಿದ್ದರು. ಅವನು ಬೀಸಿದ. ರ‍್ಯಾಕೆಟ್ ಹಾರಿಹೋಯಿತು, ಚೆಂಡು ಕೈಯಲ್ಲೇ ಉಳಿಯಿತು.

"ಮಂಡಿ ನೋವು, ಪಾಪ" ಎಂದರು ಉದಯಶಂಕರರ ಹೆಂಡತಿ ವತ್ಸಲಾ.

ಅನಾತೊಲಿಯ ಮನಸ್ಸಾಕ್ಷಿ ಅಲ್ಲಿಗೆ ಸೋತಿತು. ಮೈಕ್ ಹಿಡಿದು, "ನಾನು ಜನ್ಮದಲ್ಲಿ ಟೆನಿಸ್ ಆಡಿಲ್ಲ. ಬಾಯ್ಲರ್ ರಿಪೇರಿಯವನು" ಎಂದ. ಪರಪ್ಪ ಹಾರದ ಹಿಂದೆ ಮುಖ ಮುಚ್ಚಿಕೊಂಡ.

ಮರುಕ್ಷಣವೇ ಹಾಲ್ ಬಿದ್ದುಹೋಗುವಂಥ ಚಪ್ಪಾಳೆ. "ಏನು ವಿನಯ ನೋಡಿ" ಎಂದು ಉದಯಶಂಕರ್ ಕಣ್ಣೊರೆಸಿಕೊಂಡರು. ಊಟದ ಸಾಲಿನಲ್ಲಿ ಮೂವರು, ಇಂಥ ಮಹಾನುಭಾವನ ಕೈ ತಾಗಲಿ ಎಂದು ತಮ್ಮ ಬಾಯ್ಲರ್ ತೋರಿಸಲು ದಿನ ಗೊತ್ತುಮಾಡಿಕೊಂಡರು.

ಎಲ್ಲ ಮುಗಿದ ಮೇಲೆ ಪರಪ್ಪ, ಮುದುಕ ಇಬ್ಬರೇ ಕುರ್ಚಿ ಮಡಚುತ್ತಿದ್ದರು.

"ಆ ಭಾಷಣ ಬರೆದವರು ಯಾರು?" ಮುದುಕ ಕೇಳಿದ.

"ನಾನು" ಎಂದ ಪರಪ್ಪ, ಸಣ್ಣ ದನಿಯಲ್ಲಿ.

"ಚೆನ್ನಾಗಿತ್ತು. ಆದರೆ ರ‍್ಯಾಕೆಟ್ ನಲವತ್ತಲ್ಲ, ನಲವತ್ತೊಂದು." ಬಿದ್ದಿದ್ದ ರ‍್ಯಾಕೆಟ್ ಎತ್ತಿ ಒಂದು ಚೆಂಡು ಹೊಡೆದ. ಹಾಲ್‌ನ ಆ ತುದಿಯಲ್ಲಿದ್ದ ಹಣ್ಣಿನ ಬುಟ್ಟಿಗೆ ಸೀದಾ ಹೋಗಿ ಬಿತ್ತು. "ಪೋಸ್ಟರಿನಲ್ಲಿ ನನ್ನ ಹೆಸರು ಕಂಡು ಕೇಳಲು ಬಂದೆ. ಯಾರೂ ಕಿವಿಗೊಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ನನ್ನ ಹೆಸರಿಗೆ ಚಪ್ಪಾಳೆ ಬಿತ್ತು, ಕೇಳುತ್ತ ಕುಳಿತುಬಿಟ್ಟೆ."

ಪರಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಉದಯಶಂಕರರನ್ನು ಎಳೆತಂದ. "ತಪ್ಪಾತ್ರಿ. ಖರೇ ಪೆತ್ರೂಖಿನ್ ಇವ್ರು. ಇನ್ನೊಮ್ಮೆ ಮೈಕ್ ಹಚ್ರಿ, ನಾನ ಪರಿಚಯ ಮಾಡ್ತೀನಿ."

"ಬೆಳಿಗ್ಗೆ ಅವರು ಅಂದ್ರಿ, ಈಗ ಇವರು ಅಂತೀರಿ. ಸಿಗೋ ರಷ್ಯನ್ನರಿಗೆಲ್ಲ ಎಲ್ಲಿಂದ ಶಾಲು ತರ್ಲಿ?" ಉದಯಶಂಕರ್ ತಮ್ಮ ಫೋನಿನ ಫೋಟೋ ನೋಡಿದರು. "ಇವತ್ತಿನ ಕುರ್ಚಿ ಸಾಲು ಮಾತ್ರ ನೂಲು ಹಿಡಿದ ಹಾಗಿತ್ತು. ಹನ್ನೆರಡು ವರ್ಷದಲ್ಲಿ ನಿಮ್ಮ ಕೈಲಿ ಆಗಿರ್ಲಿಲ್ಲ. ಮುಂದಿನ ವರ್ಷದಿಂದ ಕುರ್ಚಿ ಈ ಯಜಮಾನರೇ ಹಾಕ್ಲಿ. ನೀವು ಆರಾಮಾಗಿ ಕೂತ್ಕೊಳ್ಳಿ."

ಇಂಗ್ಲಿಷಿನಲ್ಲಿ ವಿಷಯ ತಿಳಿದ ಪೆತ್ರೂಖಿನ್, ಹೋಳಿಗೆ ಇರುತ್ತದಲ್ಲ ಎಂದು ಕೇಳಿ ಸಂತೋಷದಿಂದ ಒಪ್ಪಿಕೊಂಡ.

ಪರಪ್ಪ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕುಸಿದು ಕುಳಿತ. ಪೆತ್ರೂಖಿನ್ ಬಗ್ಗಿ ಕುರ್ಚಿಯ ಕಾಲನ್ನೂ ಬಿಳಿ ಗೆರೆಯನ್ನೂ ನೋಡಿದ.

"ಔಟ್" ಎಂದ.